ಪಟಪಟ, ಟಪಟಪ ಮತ್ತು ಗುಡಿಯ ಮುಂದಿನ ಚಪ್ಪಲಿಗಳು

(ಕಲಬುರಗಿಯಲ್ಲಿ ಒಂದು ಭಾನುವಾರ ಸಂಜೆ ಪಿಯುಸಿ ಮಕ್ಕಳು, ಅವರ ಪಾಲಕರು ಮತ್ತು ಕೆಲವು ಶಿಕ್ಷಕರ ಮುಂದೆ ಆಡಿದ ಮಾತಿನ ಬರಹ ರೂಪ. ಬೋರ್ಡಿನ ಮೇಲೆ ಬರೆದದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಸಭೆಯಿಂದ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ. ವಿಷಯವನ್ನು ಮುಂದಕ್ಕೆ ಒಯ್ದದ್ದು ಅವೇ.)

ಎಲ್ಲರಿಗೂ ಶರಣು.

ತಗಡಿನ ಮೇಲೆ ಮಳೆ ಬಿದ್ದರೆ ನಾವು ಏನಂತೀವಿ? ಪಟಪಟ ಅಂತೀವಿ. ಮಳೆ ನಿಂತ ಮೇಲೆ ಅದೇ ತಗಡಿನ ಅಂಚಿನಿಂದ ಹನಿ ಬೀಳುವುದಕ್ಕೆ ಟಪಟಪ ಅಂತೀವಿ. ನಮ್ಮ ಭಾಷೆಯಲ್ಲಿ ಇಂಥ ಮಾತು ಬೇಕಾದಷ್ಟಿವೆ. ಸರಸರ, ಗಡಗಡ, ಬಡಬಡ, ಕಟಕಟ. ಎಲ್ಲದರಲ್ಲೂ ನಾಲ್ಕು ಅಕ್ಷರ. ಎರಡು ಅಕ್ಷರ, ಎರಡೆರಡು ಸಲ.

ಈಗ ನನ್ನ ಪ್ರಶ್ನೆ. ಎರಡು ಪ, ಎರಡು ಟ ಕೈಯಲ್ಲಿವೆ. ನಾಲ್ಕನ್ನೂ ಬಳಸಿ ಒಟ್ಟು ಎಷ್ಟು ಪದ ಬರೆಯಬಹುದು? ಅರ್ಥ ಇರಲೇಬೇಕೆಂದಿಲ್ಲ. ಅಕ್ಷರಗಳ ಸಾಲು ಬೇರೆ ಬೇರೆ ಇದ್ದರೆ ಸಾಕು.

(ಮುಂದಿನ ಸಾಲಿನಿಂದ ಥಟ್ಟನೆ ಉತ್ತರ ಬಂತು: ಇಪ್ಪತ್ನಾಲ್ಕು.)

ಹೌದು, ಪುಸ್ತಕ ಓದಿದವರು ಹಾಗೇ ಹೇಳುತ್ತಾರೆ. ಮೊದಲ ಜಾಗಕ್ಕೆ ನಾಲ್ಕು ಆಯ್ಕೆ, ಎರಡನೆಯದಕ್ಕೆ ಉಳಿದ ಮೂರು, ಆಮೇಲೆ ಎರಡು, ಕೊನೆಗೆ ಒಂದು. 4×3×2×1 = 24. ಇದಕ್ಕೆ ನಾಲ್ಕರ ಫ್ಯಾಕ್ಟೋರಿಯಲ್ ಅಂತೀವಿ. ಸರಿ, ಹಾಗಾದರೆ ಬರೆಯೋಣ. ಪಟಪಟ. ಪಟಟಪ. ಪಪಟಟ. ಟಪಟಪ. ಟಪಪಟ. ಟಟಪಪ. ಏಳನೆಯದನ್ನು ಯಾರಾದರೂ ಹೇಳಿ.

(ಯಾರೂ ಹೇಳಲಿಲ್ಲ. ಒಬ್ಬ ಹುಡುಗ ಹೇಳಿದ, ಆದರೆ ಅದು ಮೊದಲೇ ಬೋರ್ಡಿನ ಮೇಲೆ ಇತ್ತು.)

ಇಲ್ಲ. ಆರೇ. ಹಾಗಾದರೆ ಉಳಿದ ಹದಿನೆಂಟು ಎಲ್ಲಿ ಹೋದವು?

ಇದನ್ನು ನಾನು ಬಣ್ಣದ ಚಾಕ್‌ಪೀಸಿನಲ್ಲಿ ತೋರಿಸುತ್ತೇನೆ. ಒಂದು ಪ ಕೆಂಪು, ಇನ್ನೊಂದು ಪ ಬಿಳಿ. ಒಂದು ಟ ಹಳದಿ, ಇನ್ನೊಂದು ಟ ನೀಲಿ. ಈಗ ನಾಲ್ಕೂ ಬೇರೆ ಬೇರೆ ಆದವು. ಇಪ್ಪತ್ನಾಲ್ಕು ಸಾಲು ನಿಜವಾಗಿಯೂ ಬರುತ್ತವೆ. ಆದರೆ ಪಟಪಟ ಅನ್ನೋ ಒಂದೇ ಪದವನ್ನು ನೋಡಿ. ಕೆಂಪು ಪ ಮೊದಲು ಬಂದು ಬಿಳಿ ಪ ಆಮೇಲೆ ಬರಬಹುದು, ಅಥವಾ ಅದಲುಬದಲು. ಹೀಗೆ ಎರಡು. ಆ ಒಂದೊಂದರಲ್ಲೂ ಹಳದಿ ಟ, ನೀಲಿ ಟ ಅದಲುಬದಲಾಗಬಹುದು. ಎರಡರ ಎರಡು, ನಾಲ್ಕು. ಅಂದರೆ ಪಟಪಟ ನಾಲ್ಕು ಸಲ ಬಂದಿದೆ, ನಾಲ್ಕು ಬೇರೆ ಬಣ್ಣದ ಬಟ್ಟೆ ತೊಟ್ಟು. ಉಳಿದ ಐದು ಪದಗಳೂ ಹಾಗೇ, ತಲಾ ನಾಲ್ಕು ಸಲ. ಈಗ ಡಸ್ಟರ್ ತಗೊಂಡು ಬಣ್ಣ ಒರೆಸಿಬಿಡೋಣ. 24ನ್ನು 4ರಿಂದ ಭಾಗಿಸಿದರೆ 6.

ಸೂತ್ರ ಇಷ್ಟೇ. ಎಲ್ಲವೂ ಬೇರೆ ಅಂದುಕೊಂಡು ಎಣಿಸಿ. ಆಮೇಲೆ ಒಂದೇ ತರಹದ ಪ್ರತಿ ಗುಂಪಿನ ಫ್ಯಾಕ್ಟೋರಿಯಲ್‌ನಿಂದ ಭಾಗಿಸಿ. ಇದನ್ನು ಐದು ನಿಮಿಷದಲ್ಲಿ ಬಾಯಿಪಾಠ ಮಾಡಬಹುದು. ನಾನೂ ಪಿಯುಸಿಯಲ್ಲಿ ಹಾಗೇ ಮಾಡಿದ್ದೆ. ಅಂಕ ಬಂತು. ಭಾಗಾಕಾರ ಯಾಕೆ ಅಂತ ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎಷ್ಟೋ ವರ್ಷ ಆದಮೇಲೆ, ಪಾಠ ಮಾಡಲು ನಿಂತಾಗ, ಒಬ್ಬ ಹುಡುಗಿ ಕೇಳಿದಳು: "ಸರ್, ಹೆಚ್ಚಾದದ್ದನ್ನ ಕಳೀಬೇಕಲ್ಲ, ಭಾಗಿಸೋದು ಯಾಕ?" ಅವತ್ತು ನನಗೆ ಗುಡಿ ನೆನಪಾಯಿತು.

ಶರಣಬಸವೇಶ್ವರ ಗುಡಿಯ ಮುಂದೆ ಆಗಲಿ, ಬಂದೇನವಾಜ್ ದರ್ಗಾದ ಬಾಗಿಲಲ್ಲಿ ಆಗಲಿ, ಜನ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾರೆ. ಒಳಗೆ ಎಷ್ಟು ಜನ ಇದ್ದಾರೆ ಅಂತ ತಿಳಿಯಬೇಕು. ಜನರನ್ನು ಎಣಿಸುವುದು ಕಷ್ಟ, ಅವರು ಅತ್ತಿತ್ತ ಓಡಾಡುತ್ತಾರೆ. ಚಪ್ಪಲಿ ನಿಂತಲ್ಲೇ ಇರುತ್ತವೆ. ಎಣಿಸಿದಿರಿ, ಇನ್ನೂರು ಬಂತು. ಎರಡರಿಂದ ಭಾಗಿಸಿದಿರಿ, ನೂರು ಜನ. ಇಲ್ಲಿ ನೀವು ಬೇಕಾದದ್ದನ್ನು ಎಣಿಸಲಿಲ್ಲ. ಎಣಿಸಲು ಸುಲಭವಾದದ್ದನ್ನು ಎಣಿಸಿದಿರಿ. ಪ್ರತಿ ಮನುಷ್ಯನೂ ಎರಡೆರಡು ಸಲ ಲೆಕ್ಕಕ್ಕೆ ಬಂದ, ಅದಕ್ಕೇ ಭಾಗಿಸಿದಿರಿ. ಪಟಪಟದಲ್ಲೂ ಅದೇ ಆಯಿತು. ಬಣ್ಣದ ಸಾಲುಗಳು ಚಪ್ಪಲಿ, ನಿಜವಾದ ಪದಗಳು ಮನುಷ್ಯರು. ಒಬ್ಬೊಬ್ಬರಿಗೆ ನಾಲ್ಕು ಚಪ್ಪಲಿ ಅಷ್ಟೇ.

ಒಂದು ಮಾತು ಈಗಲೇ ಹೇಳಿಡುತ್ತೇನೆ. ಈ ಲೆಕ್ಕ ಸರಿಯಾಗುವುದು ಎಲ್ಲರೂ ಎರಡೆರಡು ಚಪ್ಪಲಿ ಬಿಟ್ಟಿದ್ದರೆ ಮಾತ್ರ. ಯಾರೋ ಒಂದೇ ಚಪ್ಪಲಿ ಬಿಟ್ಟು ಹೋಗಿದ್ದರೆ? ಇದನ್ನು ಮನಸ್ಸಿನಲ್ಲಿಡಿ. ಇದಕ್ಕೆ ಮತ್ತೆ ಬರುತ್ತೇವೆ.

ಮಕ್ಕಳು ಇಲ್ಲಿ ಎರಡು ತಪ್ಪು ಮಾಡುತ್ತಾರೆ. ಉತ್ತರಪತ್ರಿಕೆಗಳಲ್ಲಿ ಮತ್ತೆ ಮತ್ತೆ ಅವನ್ನೇ ನೋಡಿದ್ದೇನೆ, ಆದ್ದರಿಂದ ಸ್ವಲ್ಪ ನಿಧಾನಿಸುತ್ತೇನೆ. ಮೊದಲನೆಯದು: ಮೂರು ವಸ್ತು ಒಂದೇ ತರಹ ಇದ್ದರೆ ಮೂರರಿಂದ ಭಾಗಿಸುವುದು. 4, 8, 5, 5, 5 ಈ ಐದು ಅಂಕಿ ಇವೆ ಅನ್ನಿ. ಐದರ ಫ್ಯಾಕ್ಟೋರಿಯಲ್ 120. ಮೂರು ಐದುಗಳಿವೆ, ಅದಕ್ಕೆ ಮೂರರಿಂದ ಭಾಗಿಸಿ 40 ಅಂತ ಬರೆಯುತ್ತಾರೆ. ಆದರೆ ಮೂರು ಐದುಗಳು ತಮ್ಮತಮ್ಮಲ್ಲೇ ಎಷ್ಟು ರೀತಿ ಜಾಗ ಬದಲಿಸಬಹುದು? ಮೂರಲ್ಲ, ಆರು. ಬಣ್ಣ ಹಚ್ಚಿ ನೋಡಿ, ಆರು ಸಿಗುತ್ತವೆ. ಆದ್ದರಿಂದ ಉತ್ತರ 20. ಎರಡು ವಸ್ತು ಇದ್ದಾಗ ಈ ತಪ್ಪು ಹೊರಗೆ ಕಾಣುವುದಿಲ್ಲ. ಎರಡರ ಫ್ಯಾಕ್ಟೋರಿಯಲ್ಲೂ ಎರಡೇ ಅಲ್ವಾ.

ಎರಡನೆಯ ತಪ್ಪು ಇನ್ನೂ ಕಳ್ಳ ತಪ್ಪು. ಎರಡು ಗುಂಪು ಇದ್ದಾಗ ಗುಣಿಸುವ ಬದಲು ಕೂಡಿಸುವುದು. ಪಟಪಟದಲ್ಲಿ ಎರಡು ಎರಡ್ಲ ನಾಲ್ಕು. ಎರಡು ಕೂಡಿಸು ಎರಡು, ಅದೂ ನಾಲ್ಕು! ತಪ್ಪು ದಾರಿಯಲ್ಲಿ ಹೋದವರಿಗೂ ಸರಿ ಉತ್ತರ ಸಿಗುತ್ತದೆ. ಆಮೇಲೆ 2, 2, 1, 1, 1 ಕೊಟ್ಟರೆ ಗೊತ್ತಾಗುತ್ತದೆ. ಸರಿ ದಾರಿ: 120ನ್ನು 2×6ರಿಂದ ಭಾಗಿಸಿದರೆ 10. ತಪ್ಪು ದಾರಿ: 2+6, ಅಂದರೆ 8ರಿಂದ ಭಾಗಿಸಿದರೆ 15. ಶಿಕ್ಷಕ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟೇ. ಮೊದಲ ಉದಾಹರಣೆ ಯಾವುದಾದರೂ ಇರಲಿ, ಎರಡನೆಯದರಲ್ಲಿ ಒಂದು ಗುಂಪಾದರೂ ಮೂರರದ್ದು ಇರಲಿ.

ಪಿಯುಸಿ ಪುಸ್ತಕದಲ್ಲಿ ಇದಕ್ಕೆ ಬರುವ ಪದ ಎಲ್ಲರಿಗೂ ಗೊತ್ತು, ಮಿಸಿಸಿಪ್ಪಿ. ಇಂಗ್ಲಿಷಿನಲ್ಲಿ ಬರೆದರೆ ಹನ್ನೊಂದು ಅಕ್ಷರ. ಎಂ ಒಂದು, ಐ ನಾಲ್ಕು, ಎಸ್ ನಾಲ್ಕು, ಪಿ ಎರಡು. ಎಲ್ಲ ಬೇರೆ ಆಗಿದ್ದರೆ 3,99,16,800 ಸಾಲು ಬರುತ್ತಿದ್ದವು. ಒಂದೇ ತರಹದವು ಇರುವುದರಿಂದ 34,650ಕ್ಕೆ ಇಳಿಯುತ್ತದೆ. ನಮ್ಮ ಕಾಗಿಣಾ, ಭೀಮಾ ಈ ಲೆಕ್ಕಕ್ಕೆ ಒದಗುವುದಿಲ್ಲ, ಅವುಗಳಲ್ಲಿ ಅಕ್ಷರ ಮರುಕಳಿಸುವುದಿಲ್ಲ. ಆದರೆ ಕನ್ನಡದಲ್ಲಿ ಒಳ್ಳೆಯ ಪದ ಬೇಕಿದ್ದರೆ ವಿಕಟಕವಿ ಇದೆ. ವಿ ಎರಡು, ಕ ಎರಡು, ಟ ಒಂದು. 120ನ್ನು 4ರಿಂದ ಭಾಗಿಸಿದರೆ 30. ಈ ಪದವನ್ನು ಮರೆಯಬೇಡಿ.

ಕನ್ನಡದಲ್ಲಿ ಇನ್ನೊಂದು ಎಚ್ಚರ ಬೇಕು. ನಾವು ಎಣಿಸುತ್ತಿರುವುದು ಏನನ್ನು? ಕನಕ ಅನ್ನುವ ಪದ ತಗೊಳ್ಳಿ. ಅಕ್ಷರ ಲೆಕ್ಕ ಹಿಡಿದರೆ ಕ, ನ, ಕ. ಮೂರೇ ಜೋಡಣೆ. ವ್ಯಾಕರಣದಂತೆ ಬಿಡಿಸಿದರೆ ಕ್, ಅ, ನ್, ಅ, ಕ್, ಅ. ಆರು ವರ್ಣ, ಅವುಗಳಲ್ಲಿ ಅ ಮೂರು, ಕ್ ಎರಡು. 720ನ್ನು 12ರಿಂದ ಭಾಗಿಸಿದರೆ 60. ಎರಡೂ ಸರಿಯಾದ ಉತ್ತರಗಳೇ. ಪ್ರಶ್ನೆಗಳು ಬೇರೆ ಬೇರೆ. ಯಾವುದು ಒಂದು ಬಿಡಿ, ಯಾವುದು ಯಾವುದಕ್ಕೆ ಸಮ, ಇದನ್ನು ಮೊದಲು ಗೊತ್ತು ಮಾಡಿಕೊಳ್ಳದೆ ಎಣಿಸಲು ಕೂತರೆ ಸೂತ್ರ ನಮ್ಮನ್ನು ಕಾಪಾಡುವುದಿಲ್ಲ.

ಈಗ ಒಬ್ಬ ಹಿರಿಯರನ್ನು ನೆನೆಯಬೇಕು. ಭಾಸ್ಕರಾಚಾರ್ಯ. 1150ರಲ್ಲಿ ಬರೆದ ಲೀಲಾವತಿಯ ಕೊನೆಯ ಭಾಗಕ್ಕೆ ಅಂಕಪಾಶ ಅಂತ ಹೆಸರು. ಅಂಕಿಗಳ ಬಲೆ ಅಂತಿಟ್ಟುಕೊಳ್ಳಿ. ಅದರಲ್ಲಿ ಮೊದಲು ಎಲ್ಲವೂ ಬೇರೆ ಇರುವ ಲೆಕ್ಕ ಬರುತ್ತದೆ. ಶಿವನಿಗೆ ಹತ್ತು ಕೈ. ಪಾಶ, ಅಂಕುಶ, ಹಾವು, ಡಮರು, ಕಪಾಲ, ಶೂಲ ಹೀಗೆ ಹತ್ತು ವಸ್ತು. ಕೈಯಿಂದ ಕೈಗೆ ಬದಲಾಯಿಸಿದರೆ ಶಿವನ ರೂಪ ಎಷ್ಟು? 36,28,800. ವಿಷ್ಣುವಿಗೆ ನಾಲ್ಕು ಕೈ. ಗದೆ, ಚಕ್ರ, ಕಮಲ, ಶಂಖ. ಅವನ ರೂಪ 24.

ಆಮೇಲೆ ಅವರು ನಮ್ಮ ಪ್ರಶ್ನೆಗೆ ಬರುತ್ತಾರೆ. ಒಂದೇ ತರಹದ ಅಂಕಿಗಳು ಎಷ್ಟು ಸ್ಥಾನದಲ್ಲಿವೆಯೋ ಅಷ್ಟು ಸ್ಥಾನದ ಭೇದಗಳಿಂದ ಮೊದಲಿನ ಭೇದಗಳನ್ನು ಭಾಗಿಸು ಅನ್ನುತ್ತಾರೆ. ಭೇದ ಅಂದರೆ ಜೋಡಣೆಗಳ ಸಂಖ್ಯೆ. ಉದಾಹರಣೆಗೆ ಅವರು ಕೊಡುವ ಅಂಕಿಗಳು 2, 2, 1, 1. ಇದನ್ನು ಮೊದಲ ಸಲ ಓದಿದಾಗ ನನಗೆ ರೋಮಾಂಚನ ಆಯಿತು. ಇದು ನಮ್ಮ ಪಟಪಟವೇ! ಎರಡರ ಜಾಗದಲ್ಲಿ ಪ ಇಡಿ, ಒಂದರ ಜಾಗದಲ್ಲಿ ಟ ಇಡಿ. ಉತ್ತರ ಆರು. ಆಗಲೇ ಹೇಳಿದ 4, 8, 5, 5, 5 ಕೂಡ ಅವರದ್ದೇ ಉದಾಹರಣೆ, ನನ್ನದಲ್ಲ.

ಭಾಸ್ಕರಾಚಾರ್ಯರು ಅಲ್ಲಿಗೆ ನಿಲ್ಲಿಸಲಿಲ್ಲ. ಆ ಆರು ಸಂಖ್ಯೆಗಳನ್ನು ಕೂಡಿಸಿದರೆ ಎಷ್ಟು ಅಂತ ಕೇಳಿದರು. 2211, 2121, 2112, 1221, 1212, 1122. ಒಂದರ ಕೆಳಗೆ ಒಂದು ಬರೆದು ಸಾಲಾಗಿ ಕೂಡಿಸುವ ಅಗತ್ಯವೇ ಇಲ್ಲ. ಬಿಡಿಯ ಸ್ಥಾನ ನೋಡಿ. ಆರು ಸಂಖ್ಯೆಗಳಲ್ಲಿ ಮೂರರಲ್ಲಿ 2 ಇದೆ, ಮೂರರಲ್ಲಿ 1 ಇದೆ. ಕೂಡಿಸಿದರೆ 9. ಹತ್ತರ ಸ್ಥಾನದಲ್ಲೂ ಹಾಗೇ, ನೂರರಲ್ಲೂ, ಸಾವಿರದಲ್ಲೂ. ಉತ್ತರ 9999. ಎಷ್ಟು ಚೆಂದ ಅಲ್ವಾ? 4, 8, 5, 5, 5ರಿಂದ ಬರುವ ಇಪ್ಪತ್ತು ಸಂಖ್ಯೆಗಳ ಮೊತ್ತ 11,99,988. ಅದನ್ನು ಮನೆಗೆ ಹೋಗಿ ಇದೇ ರೀತಿ ಮಾಡಿ ನೋಡಿ. ಒಂದೊಂದು ಸ್ಥಾನಕ್ಕೆ 108 ಬರುತ್ತದೆ.

ಸಂಖ್ಯೆ ಎಷ್ಟು ಬೇಗ ಬೆಳೆಯುತ್ತದೆ ಅನ್ನುವುದಕ್ಕೆ ಬಳೆ ನೋಡೋಣ. ಒಂದು ಡಜನ್ ಗಾಜಿನ ಬಳೆ, ಹನ್ನೆರಡೂ ಬೇರೆ ಬೇರೆ ಬಣ್ಣ. ಕೈಗೆ ಒಂದೊಂದು ಸಲ ಒಂದೊಂದು ಕ್ರಮದಲ್ಲಿ ಏರಿಸಬೇಕು. ಒಂದು ಕ್ರಮಕ್ಕೆ ಒಂದೇ ನಿಮಿಷ ಅನ್ನಿ. ಊಟ ನಿದ್ದೆ ಬಿಟ್ಟು ಕೂತರೂ 911 ವರ್ಷ ಬೇಕು. ಲೀಲಾವತಿ ಬರೆದ ವರ್ಷ ಶುರು ಮಾಡಿದ್ದರೂ ಇವತ್ತಿಗೆ ಮುಗಿಯುತ್ತಿರಲಿಲ್ಲ. ಅದೇ ಡಜನ್‌ನಲ್ಲಿ ಆರು ಹಸಿರು, ನಾಲ್ಕು ಕೆಂಪು, ಎರಡು ಬಂಗಾರದ ಬಣ್ಣದವು ಇದ್ದರೆ? 13,860. ಹತ್ತು ದಿನದೊಳಗೆ ಮುಗಿಯುತ್ತದೆ. ಬಳೆಗಳು ಕಡಿಮೆ ಆಗಲಿಲ್ಲ. ಕೆಲವನ್ನು ಒಂದೇ ಅಂತ ಒಪ್ಪಿಕೊಂಡೆವು, ಅಷ್ಟೇ.

ಇನ್ನು ಮಳಖೇಡಕ್ಕೆ ಹೋಗೋಣ. ದೂರ ಇಲ್ಲ, ಸೇಡಂ ತಾಲೂಕು, ಕಾಗಿಣಾ ದಂಡೆ. ಸಿಮೆಂಟ್ ಫ್ಯಾಕ್ಟರಿಗೆ ಹೋಗುವ ದಾರಿ ಅಂತ ಎಷ್ಟೋ ಜನರಿಗೆ ಗೊತ್ತು. ಅದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗ ಆಳುತ್ತಿದ್ದ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹ ಬರೆದರು. ಪುಸ್ತಕದ ಆರಂಭದಲ್ಲೇ ಆ ರಾಜನನ್ನು ಹೊಗಳಿದ್ದಾರೆ. ಲೀಲಾವತಿಗಿಂತ ಮೂರು ನೂರು ವರ್ಷ ಹಿಂದಿನ ಮಾತು. ನಮ್ಮ ಮಕ್ಕಳು ಮಿಸಿಸಿಪ್ಪಿಯನ್ನು ಬಲ್ಲರು, ಇರಲಿ. ಮಹಾವೀರಾಚಾರ್ಯರ ಹೆಸರನ್ನೂ ತಿಳಿದಿರಬೇಕು ಅನ್ನುವುದು ನನ್ನ ಮನಸ್ಸಿನ ಆಸೆ.

ಅವರ ಒಂದು ಲೆಕ್ಕ ಆರು ರುಚಿಗಳದ್ದು. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ. ಇವುಗಳನ್ನು ಬೆರೆಸಿದರೆ ಎಷ್ಟು ಬಗೆ? ಅವರ ವಿಧಾನ ಹೀಗೆ. ಮೇಲೆ 6, 5, 4 ಅಂತ ಇಳಿಯುತ್ತಾ ಬರೆಯಿರಿ. ಕೆಳಗೆ 1, 2, 3 ಅಂತ ಏರುತ್ತಾ ಬರೆಯಿರಿ. ಎರಡು ರುಚಿ ಆರಿಸಬೇಕಿದ್ದರೆ ಮೇಲಿನ ಎರಡನ್ನು ಗುಣಿಸಿ, ಕೆಳಗಿನ ಎರಡರ ಗುಣಲಬ್ಧದಿಂದ ಭಾಗಿಸಿ. 30 ಭಾಗಿಸು 2, ಅಂದರೆ 15. ಮೂರು ರುಚಿ ಆದರೆ 120 ಭಾಗಿಸು 6, ಅಂದರೆ 20. ಒಂದರಿಂದ ಆರರವರೆಗೆ ಎಲ್ಲ ಸೇರಿಸಿದರೆ 63. ಶಾಲೆಯಲ್ಲಿ ಇದನ್ನು ವಿಕಲ್ಪ ಅಂತ ಕಲಿಸುತ್ತಾರೆ, ಜೋಡಣೆಯ ಲೆಕ್ಕವನ್ನು ಕ್ರಮಯೋಜನೆ ಅಂತ. ಎರಡು ಬೇರೆ ಪಾಠ. ನಿಜಕ್ಕೂ ಬೇರೆಯಾ?

ಅದಕ್ಕೆ ಉತ್ತರ ನಮ್ಮ ಹೊಲದಲ್ಲಿದೆ. ಇದು ತೊಗರಿಯ ನಾಡು. ತೊಗರಿಯ ಜೊತೆ ಹೆಸರುಕಾಳನ್ನು ಅಕ್ಕಡಿಯಾಗಿ, ಅಂದರೆ ಸಾಲುಗಳ ನಡುವಿನ ಬೆಳೆಯಾಗಿ ಹಾಕುತ್ತೀರಿ. ಹೆಸರು ಎರಡು, ಎರಡೂವರೆ ತಿಂಗಳಿಗೆ ಕೈಗೆ ಬರುತ್ತದೆ. ತೊಗರಿ ಐದಾರು ತಿಂಗಳು ಹೊಲದಲ್ಲೇ ನಿಲ್ಲುತ್ತದೆ. ಹೆಸರು ಕಿತ್ತ ಮೇಲೆ ಆ ಜಾಗದಲ್ಲಿ ತೊಗರಿ ಹರಡಿಕೊಳ್ಳುತ್ತದೆ. ಈಗ ಆರು ಸಾಲು ಅನ್ನಿ. ಎರಡು ಸಾಲು ತೊಗರಿ, ನಾಲ್ಕು ಸಾಲು ಹೆಸರು. ಎಷ್ಟು ರೀತಿ ಬಿತ್ತಬಹುದು? ಪಟಪಟದ ದಾರಿ ಹಿಡಿದರೆ ಆರರ ಫ್ಯಾಕ್ಟೋರಿಯಲ್ 720. ಅದನ್ನು 2×24, ಅಂದರೆ 48ರಿಂದ ಭಾಗಿಸಿದರೆ 15. ಮಹಾವೀರಾಚಾರ್ಯರ ದಾರಿ ಹಿಡಿದರೆ ಆರು ಸಾಲುಗಳಲ್ಲಿ ತೊಗರಿಗೆ ಎರಡು ಸಾಲು ಆರಿಸಬೇಕು, ಅಷ್ಟೇ. ಉಳಿದದ್ದು ತಾನಾಗಿ ಹೆಸರಿನದ್ದು. ಆರರಲ್ಲಿ ಎರಡು, 15. ರುಚಿಯ ಲೆಕ್ಕವೇ ಹೊಲದ ಲೆಕ್ಕ! ವಸ್ತುಗಳು ಎರಡೇ ತರಹ ಇದ್ದಾಗ ಜೋಡಿಸುವುದೂ ಆರಿಸುವುದೂ ಒಂದೇ ಕೆಲಸ.

ಎರಡು ತೊಗರಿ ಸಾಲು ಪಕ್ಕಪಕ್ಕ ಬರಬಾರದು ಅಂದರೆ? ಮೊದಲು ನಾಲ್ಕು ಹೆಸರಿನ ಸಾಲು ಹಾಕಿ. ಅವುಗಳ ನಡುವೆ ಮೂರು ಸಂದು, ಎರಡು ಕೊನೆಗೆ ಎರಡು ಜಾಗ, ಒಟ್ಟು ಐದು. ಒಂದು ಸಂದಿಗೆ ಒಂದೇ ತೊಗರಿ. ಐದರಲ್ಲಿ ಎರಡು ಆರಿಸಿದರೆ 10.

ನಾನು ಇಲ್ಲಿಗೆ ಮುಗಿಸಬೇಕು ಅಂತಿದ್ದೆ. ಆಗ ಹಿಂದಿನ ಸಾಲಿನಿಂದ ಮಗನ ಜೊತೆ ಬಂದಿದ್ದ ರೈತರೊಬ್ಬರು ಎದ್ದು ನಿಂತರು.

"ಸರ, ಒಂದು ಮಾತು. ಈ ಕಡಿ ಬದುವಿನ ಮ್ಯಾಲ ನಿಂತ್ರ ತೊಗರಿ ಮೊದಲ್ನೇ ಸಾಲಿಗಿ ಕಾಣ್ತದ. ಆ ಕಡಿ ಬದುವಿಗಿ ಹೋಗಿ ನಿಂತ್ರ ಅದೇ ತೊಗರಿ ಕಡೀ ಸಾಲು ಆಗ್ತದ. ಹೊಲ ಒಂದೇ ಅದ, ಬಿತ್ತಿದಂವನೂ ನಾನೇ. ನೀವು ಅದನ್ನ ಎರಡು ಅಂತ ಎಣಿಸೀರಿ."

ನಾನು ಹೇಳಿದೆ: "ಕಾಕಾ, ನಿಮ್ಮ ಮಾತು ಸರಿ. ಹೊಲದ ಮಟ್ಟಿಗೆ ಎರಡನ್ನೂ ಒಂದೇ ಅಂತ ಹಿಡಿಯಬೇಕು. ಹಾಗಾದರೆ 15ನ್ನು ಏನು ಮಾಡೋಣ?"

ಒಬ್ಬ ಹುಡುಗ ಹೇಳಿದ, "ಎರಡರಿಂದ ಭಾಗಿಸ್ಬೇಕ್ರಿ ಸರ್." ಅವನ ಪಕ್ಕದ ಹುಡುಗಿ ತಕ್ಷಣ ತಡೆದಳು. "ಏಳೂವರೆ ಬರ್ತದಲ್ಲ!"

ಸಭೆ ಒಂದು ಕ್ಷಣ ಸುಮ್ಮನಾಯಿತು. ಏಳೂವರೆ ರೀತಿಯಲ್ಲಿ ಹೊಲ ಬಿತ್ತಲು ಆಗುವುದಿಲ್ಲ. ಎಲ್ಲೋ ಭಾಗಾಕಾರ ಕೈಕೊಟ್ಟಿದೆ. ನಾನು ಹುಡುಗಿಯನ್ನೇ ಬೋರ್ಡಿನ ಹತ್ತಿರ ಕರೆದೆ. ಅವಳು ಹದಿನೈದನ್ನೂ ಬರೆದಳು, ತೊಗರಿಗೆ ತೊ, ಹೆಸರಿಗೆ ಹೆ. ಆಮೇಲೆ ಈ ಬದುವಿನಿಂದ ಓದಿದ್ದಕ್ಕೂ ಆ ಬದುವಿನಿಂದ ಓದಿದ್ದಕ್ಕೂ ಗೆರೆ ಎಳೆದು ಜೋಡಿ ಮಾಡುತ್ತಾ ಹೋದಳು. ಆರು ಜೋಡಿ ಆದವು. ಮೂರು ಒಂಟಿಯಾಗಿ ಉಳಿದವು. ತೊಗರಿ ಮೊದಲ ಮತ್ತು ಆರನೇ ಸಾಲಿನಲ್ಲಿದ್ದದ್ದು. ಎರಡನೇ ಮತ್ತು ಐದನೇ ಸಾಲಿನಲ್ಲಿದ್ದದ್ದು. ಮೂರನೇ ಮತ್ತು ನಾಲ್ಕನೇ ಸಾಲಿನಲ್ಲಿದ್ದದ್ದು. ಇವನ್ನು ಯಾವ ಬದುವಿನಿಂದ ನೋಡಿದರೂ ಒಂದೇ. ಅವಕ್ಕೆ ಜೋಡಿ ಅಂದರೆ ಅವೇ.

ಒಂಟಿ ಚಪ್ಪಲಿ ಇವೇ. ಹನ್ನೆರಡು ಜೋಡಣೆಗಳು ಜೋಡಿ ಚಪ್ಪಲಿಯಂತೆ ಬಂದವು. ಮೂರು ಮಾತ್ರ ಒಂದೊಂದೇ ಚಪ್ಪಲಿ ಬಿಟ್ಟು ಒಳಗೆ ಹೋದವು. ಆದ್ದರಿಂದ ಆರು ಮತ್ತು ಮೂರು, ಒಂಬತ್ತು. ಸುಲಭವಾಗಿ ಮಾಡಬೇಕೆಂದರೆ ಮೊದಲು ಒಂಟಿಯವರಿಗೆ ಇನ್ನೊಂದು ಚಪ್ಪಲಿ ಕೊಟ್ಟುಬಿಡಿ. 15ಕ್ಕೆ 3 ಕೂಡಿಸಿ 18 ಮಾಡಿ. ಈಗ ಎಲ್ಲರಿಗೂ ಎರಡೆರಡು ಆಯಿತು. ಧೈರ್ಯವಾಗಿ ಎರಡರಿಂದ ಭಾಗಿಸಿ, 9. ತೊಗರಿ ಪಕ್ಕಪಕ್ಕ ಬರಬಾರದು ಅನ್ನುವ ಹತ್ತರಲ್ಲಿ ಒಂಟಿ ಎರಡು. 12ನ್ನು ಎರಡರಿಂದ ಭಾಗಿಸಿದರೆ 6.

ಪಟಪಟದಲ್ಲಿ ಭಾಗಾಕಾರ ಯಾಕೆ ಕೈಕೊಡಲಿಲ್ಲ ಅಂತ ಒಬ್ಬ ಶಿಕ್ಷಕರು ಕೇಳಿದರು. ತುಂಬಾ ಒಳ್ಳೆಯ ಪ್ರಶ್ನೆ. ಅಲ್ಲಿ ನಾವು ಬಣ್ಣ ಹಚ್ಚಿದ್ದೆವು. ಕೆಂಪು ಪ, ಬಿಳಿ ಪ ಜಾಗ ಬದಲಿಸಿದರೆ ಬಣ್ಣದ ಸಾಲು ಬದಲಾಗಲೇಬೇಕು, ಎರಡೂ ಒಂದೇ ಜಾಗದಲ್ಲಿ ಕೂರಲು ಆಗುವುದಿಲ್ಲ. ಆದ್ದರಿಂದ ಒಂಟಿ ಚಪ್ಪಲಿ ಹುಟ್ಟುವುದೇ ಇಲ್ಲ. ಒಂದೇ ಜಾಗದಲ್ಲಿ ಎರಡು ಕೂರಬಹುದಾದರೆ ಮಾತ್ರ ಕಥೆ ಬೇರೆ ಆಗುತ್ತದೆ.

ಅದಕ್ಕೆ ಎರಡು ಉಂಡೆ, ಎರಡು ತಾಟು ತಗೊಳ್ಳಿ. ಉಂಡೆಗಳು ಬೇರೆ ಬೇರೆ, ಒಂದು ಶೇಂಗಾ ಉಂಡೆ, ಒಂದು ಎಳ್ಳುಂಡೆ ಆದರೆ ನಾಲ್ಕು ರೀತಿ ಇಡಬಹುದು. ಎರಡೂ ಶೇಂಗಾ ಉಂಡೆ ಆದರೆ? ನಾಲ್ಕನ್ನು ಎರಡರಿಂದ ಭಾಗಿಸಿ ಎರಡು ಅನ್ನಬೇಡಿ. ಎಡ ತಾಟಿನಲ್ಲಿ ಎರಡೂ, ಬಲ ತಾಟಿನಲ್ಲಿ ಎರಡೂ, ಒಂದೊಂದರಲ್ಲಿ ಒಂದೊಂದು. ಮೂರು. ಮೊದಲಿನ ಎರಡು ಒಂಟಿ ಚಪ್ಪಲಿಗಳು. 4ಕ್ಕೆ 2 ಕೂಡಿಸಿ ಅರ್ಧ ಮಾಡಿದರೆ 3.

ಇದು ಬರೀ ಉಂಡೆಯ ಮಾತಲ್ಲ. 1924ರಲ್ಲಿ ಢಾಕಾದಲ್ಲಿ ಪಾಠ ಮಾಡುತ್ತಿದ್ದ ಸತ್ಯೇಂದ್ರನಾಥ ಬೋಸರು ಬೆಳಕಿನ ಕಣಗಳನ್ನು ಹೀಗೇ ಎಣಿಸಿದರು. ಇದು ಮೊದಲನೆಯ ಕಣ, ಇದು ಎರಡನೆಯ ಕಣ ಅಂತ ಗುರುತು ಹಚ್ಚದೆ ಎಣಿಸಿದರು. ಎರಡು ಕಣ, ಎರಡು ಮನೆ ಇದ್ದರೆ ಮೂರೇ ರೀತಿ, ಮೂರಕ್ಕೂ ಸಮ ಪಾಲು. ಹಾಗೆ ಎಣಿಸಿದಾಗ ಬಿಸಿ ವಸ್ತು ಸೂಸುವ ಬೆಳಕಿನ ಬಗ್ಗೆ ಭೌತವಿಜ್ಞಾನಿ ಪ್ಲಾಂಕ್ ಕೊಟ್ಟಿದ್ದ ನಿಯಮ ನೇರವಾಗಿ ಬಂತು. ಬೋಸರು ಲೇಖನವನ್ನು ಐನ್‌ಸ್ಟೈನರಿಗೆ ಕಳಿಸಿದರು. ಐನ್‌ಸ್ಟೈನ್ ಅದನ್ನು ಸ್ವತಃ ಜರ್ಮನ್ ಭಾಷೆಗೆ ಅನುವಾದಿಸಿ ಅಚ್ಚು ಹಾಕಿಸಿದರು. ಆ ಜಾತಿಯ ಕಣಗಳನ್ನು ಇಂದು ಬೋಸಾನ್ ಅಂತಲೇ ಕರೆಯುತ್ತಾರೆ. ನಾವು ಚಾಕ್‌ಪೀಸಿನಲ್ಲಿ ಬಣ್ಣ ಹಚ್ಚಿ ಆಮೇಲೆ ಒರೆಸುತ್ತೇವೆ. ಪ್ರಕೃತಿ ಆ ಬಣ್ಣವನ್ನು ಹಚ್ಚೇ ಇಲ್ಲ.

ಸಭೆ ಮುಗಿದು ಜನ ಚಹಾಕ್ಕೆ ಎದ್ದರು. ಏಳೂವರೆ ಅಂದಿದ್ದ ಆ ಹುಡುಗಿ ಎದ್ದಿರಲಿಲ್ಲ. ನೋಟ್‌ಬುಕ್ಕಿನ ಒಂದು ಪುಟ ತುಂಬಾ ವಿಕಟಕವಿಯ ಮೂವತ್ತು ರೂಪ ಬರೆದಿದ್ದಳು. ಎಡದಿಂದ ಓದಿದ್ದನ್ನೂ ಬಲದಿಂದ ಓದಿದ್ದನ್ನೂ ಒಂದೇ ಅಂತ ಹಿಡಿದು ಗೆರೆ ಎಳೆದಿದ್ದಳು. ಹದಿನಾಲ್ಕು ಜೋಡಿ. ಒಂಟಿಯಾಗಿ ಉಳಿದವು ಎರಡೇ: ವಿಕಟಕವಿ, ಮತ್ತು ಕವಿಟವಿಕ.

"ಹದಿನಾರು, ಸರ್," ಅಂದಳು. "ಮೂವತ್ತಕ್ಕ ಎರಡು ಕೂಡಿಸಿ ಅರ್ಧ ಮಾಡಿದ್ರೂ ಅಷ್ಟೇ ಬರ್ತದ."